ಊರಿಂದ ತಂದ ತಿಂಡಿ ಆಫೀಸಲ್ಲಿ ಯಾರೂ ಮುಟ್ಟಲಿಲ್ಲ, ಏನ್ ಮಾಡ್ಲಿ?

ಪ್ರಶ್ನೆ: ಕೆಲಸದ ಮೇಲೆ ಬೇರೆ ದೇಶದಲ್ಲಿದೀನಿ. ಹೋದ್ಸಲ ರಜೆ ಮುಗಿಸ್ಕೊಂಡು ಬರೋವಾಗ ಮನೇಲಿ ಮಾಡಿದ ತಿಂಡಿ ದೊಡ್ಡ ಡಬ್ಬಿ ತುಂಬಾ ತಂದು ಆಫೀಸ್ ಪ್ಯಾಂಟ್ರಿಲಿಟ್ಟು, ಎಲ್ರೂ ತಗೊಳ್ಳಿ ಅಂತ ಗ್ರೂಪಲ್ಲಿ ಮೆಸೇಜೂ ಹಾಕ್ದೆ. ಸಂಜೆ ನೋಡಿದ್ರೆ ಡಬ್ಬಿ ಹೆಚ್ಚುಕಮ್ಮಿ ಹಾಗೇ ಇತ್ತು. ಈಗ ಅಪ್ಪ ಅಮ್ಮ ಬರೋರಿದಾರೆ, ಪಕ್ಕದ ಮನೆಯವ್ರಿಗೂ ಒಂದಿಷ್ಟು ಕೊಡೋಣ ಅಂತಿದೆ. ಎಂಥದ್ದು ತರಿಸ್ಲಿ? ಏರ್‌ಪೋರ್ಟಲ್ಲಿ ಕಿತ್ಕೋತಾರಾ? ಇಲ್ಲಿಯವ್ರಿಗೋಸ್ಕರ ಖಾರ ಕಮ್ಮಿ ಮಾಡಿಸ್ಬೇಕಾ?

ಉತ್ತರ: ಬೇಜಾರು ಮಾಡ್ಕೋಬೇಡಿ. ನಿಮ್ಮ ತಿಂಡಿ ಇಷ್ಟ ಆಗಿಲ್ಲ ಅಂತ ಯಾರೂ ಬಿಟ್ಟಿಲ್ಲ, ಇಷ್ಟ ಆಗತ್ತೋ ಇಲ್ವೋ ಅಂತ ಗೊತ್ತಾಗ್ಬೇಕಾದ್ರೂ ಮೊದ್ಲು ಬಾಯಿಗೆ ಹಾಕ್ಬೇಕಲ್ವಾ, ಅವ್ರು ಅಲ್ಲೀತನಕ ಬಂದೇ ಇಲ್ಲ. ಹೆಸ್ರಿಲ್ಲದ ಒಂದು ಡಬ್ಬಿ, ಒಳಗಿರೋದು ಸಿಹಿನೋ ಖಾರನೋ ಗೊತ್ತಿಲ್ಲ, ಏನ್ ಹಾಕಿದಾರೆ ಗೊತ್ತಿಲ್ಲ, ಕೈಯಲ್ಲಿ ಮುರ್ಕೊಂಡು ತಿನ್ನೋದಾ ಇನ್ನೇನಾದ್ರೂ ಜೊತೆಗೆ ನಂಚ್ಕೊಳ್ಳೋದಾ ಗೊತ್ತಿಲ್ಲ, ತಂದವ್ರು ಪಕ್ಕದಲ್ಲಿಲ್ಲ. ಕೇಳೋಣ ಅಂದ್ರೆ ಎಲ್ಲಿ ಅನುಮಾನ ಪಟ್ಟ ಹಾಗಾಗತ್ತೋ ಅಂತ ಸಂಕೋಚ. ಆಗ ಎಲ್ರೂ ಮಾಡೋದು ಒಂದೇ ಕೆಲ್ಸ, ಕಾಫಿ ತಗೊಂಡು ಸುಮ್ನೆ ಸೀಟಿಗೆ ವಾಪಸ್. ಗೊತ್ತಿಲ್ಲದ ತಿಂಡಿ ಕಂಡ್ರೆ ಹಿಂಜರಿಯೋದು ಮನುಷ್ಯನ ಸ್ವಭಾವದಲ್ಲೇ ಇದೆ, ಕೆಲವ್ರಲ್ಲಿ ಜಾಸ್ತಿ ಕೆಲವ್ರಲ್ಲಿ ಕಮ್ಮಿ. ಅದು ಯಾರಲ್ಲಿ ಎಷ್ಟಿದೆ ಅಂತ ಅಳೆಯೋಕೆ ಪ್ಲೈನರ್ ಮತ್ತು ಹಾಬ್ಡನ್ ಅನ್ನೋ ಸಂಶೋಧಕರು 1992ರಲ್ಲೇ 10 ವಾಕ್ಯಗಳ ಒಂದು ಪ್ರಶ್ನಾವಳಿ ಮಾಡಿದ್ರು, ಈಗ್ಲೂ ಅದನ್ನ ಬಳಸ್ತಾರೆ. ಇದು ಬರೀ ಅಲ್ಲಿಯವ್ರ ಕಥೆ ಅಂದ್ಕೋಬೇಡಿ, ಅದೇ ಪ್ಯಾಂಟ್ರಿಲಿ ಬೇರೆ ಯಾರೋ ಇಟ್ಟಿದ್ದ ಡಬ್ಬಿನ ನೀವೂ "ಇದ್ರಲ್ಲಿ ಏನಿದ್ಯೋ ಏನೋ" ಅಂತ ಒಂದಲ್ಲ ಒಂದು ಸಲ ಬಿಟ್ಟು ಬಂದಿರ್ತೀರ.

ನನ್ನ ಕೆಲ್ಸ ಪ್ಯಾಕೆಟ್ ತಿಂಡಿಗಳ ಲೇಬಲ್ಲು, ಅದು ಎಷ್ಟು ದಿನ ಕೆಡದೆ ಇರತ್ತೆ ಅನ್ನೋ ಲೆಕ್ಕ, ಇಂಥದ್ದು. ಹಾಗಾಗಿ ನನ್ನ ಸಲಹೆ ಸ್ವಲ್ಪ ಆ ಕಡೆಗೇ ವಾಲತ್ತೆ ಅಂತ ಮೊದ್ಲೇ ಹೇಳ್ಬಿಡ್ತೀನಿ. ತಿಂಡಿ ಬದ್ಲಾಯಿಸೋಕೆ ಹೋಗ್ಬೇಡಿ, ತಿನ್ನೋರಿಗೆ ವಿಷ್ಯ ಗೊತ್ತಾಗೋ ಹಾಗೆ ಮಾಡಿ, ಬೇಡ ಅನ್ನೋಕೂ ದಾರಿ ಬಿಡಿ. ಇವೆರಡು ಇದ್ರೆ ಅರ್ಧಕ್ಕರ್ಧ ಜನ ತಾವಾಗೇ ಕೈ ಹಾಕ್ತಾರೆ.

ಅದಕ್ಕೆ ಡಬ್ಬಿ ಪಕ್ಕ ಒಂದು ಚೀಟಿ ಇಡಿ. ಅರ್ಧ ಹಾಳೆ ಸಾಕು, ಆದ್ರೆ ಅಕ್ಷರ ದಪ್ಪಕ್ಕಿರ್ಲಿ, ಅಲ್ಲಿಯ ಭಾಷೇಲಿರ್ಲಿ. ಮೇಲೆ ತಿಂಡಿ ಹೆಸ್ರು, ಅದನ್ನ ಹೇಗೆ ಉಚ್ಚಾರ ಮಾಡ್ಬೇಕು ಅಂತಾನೂ ಅವ್ರ ಲಿಪಿಲೇ ಬರೀರಿ, ಹೆಸ್ರು ಹೇಳೋಕೆ ಬಂದ್ರೆ ಜನಕ್ಕೆ ಅದ್ರ ಬಗ್ಗೆ ಮಾತಾಡೋಕೆ ಧೈರ್ಯ ಬರತ್ತೆ. ಅದ್ರ ಕೆಳಗೆ ಸಿಹಿ ಅಥವಾ ಖಾರ, ಕರಿದಿದ್ದಾ ಹುರಿದಿದ್ದಾ, ಗಟ್ಟಿ ಇದ್ಯಾ ಮೆತ್ತಗಿದ್ಯಾ. ಗಟ್ಟಿ ಅನ್ನೋದನ್ನ ಯಾರೂ ಬರಿಯಲ್ಲ, ಆದ್ರೆ ಕೆಲವು ಉಂಡೆ, ಕೆಲವು ಕರಿದ ಐಟಂ ಕಡಿದ್ರೆ ಹಲ್ಲು ಝುಮ್ ಅನ್ನತ್ತೆ. ಹಲ್ಲಿಗೆ ಕ್ಯಾಪ್ ಹಾಕಿಸ್ಕೊಂಡಿರೋ ನಿಮ್ಮ ಸಹೋದ್ಯೋಗಿಗೆ ಅದು ಗೊತ್ತಾಗ್ಬೇಕು. ಆಮೇಲೆ ಒಳಗೆ ಹಾಕಿರೋದು ಏನೇನು ಅಂತ ಪೂರ್ತಿ, ಯಾವತ್ತು ಮಾಡಿದ್ದು, ಕೊನೇಲಿ ನಿಮ್ಮ ಹೆಸ್ರು ಮತ್ತು ನೀವು ಕೂರೋ ಜಾಗ. ಡಬ್ಬಿ ಜೊತೆ ಒಂದು ಇಕ್ಕಳನೋ ಚಮಚನೋ ಇಡಿ, ಟಿಶ್ಯೂ ಇಡಿ. ಹತ್ತು ಜನ ಕೈ ಹಾಕಿದ ಡಬ್ಬಿಗೆ ಹನ್ನೊಂದನೇಯವ್ರು ಕೈ ಹಾಕಲ್ಲ, ಅದಂತೂ ನ್ಯಾಯವೇ.

ಈಗ ಆ "ಏನೇನು ಹಾಕಿದೆ" ಅನ್ನೋ ಭಾಗದ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಇಲ್ಲಿ ತಪ್ಪಾದ್ರೆ ಬರೀ ಮುಜುಗರದಲ್ಲಿ ಮುಗಿಯಲ್ಲ. ಯುರೋಪಿಯನ್ ಯೂನಿಯನ್ನಿನಲ್ಲಿ 14 ಅಲರ್ಜಿ ಪದಾರ್ಥಗಳನ್ನ ಲೇಬಲ್ ಮೇಲೆ ಎದ್ದು ಕಾಣೋ ಹಾಗೆ ಹಾಕ್ಲೇಬೇಕು. ಅಮೆರಿಕದಲ್ಲಿ ಆ ಪಟ್ಟಿಲಿ ಇರೋದು 9, ಅದ್ರಲ್ಲಿ ಎಳ್ಳು ಸೇರಿದ್ದು 2023ರ ಜನವರಿ 1ರಿಂದ. ಶೇಂಗಾ, ಗೋಡಂಬಿ ಬಾದಾಮಿ ತರದ ಬೀಜಗಳು, ಹಾಲು, ಮೊಟ್ಟೆ, ಗೋಧಿ, ಸೋಯಾ, ಮೀನು, ಸೀಗಡಿ ಏಡಿ, ಎಳ್ಳು ಎರಡೂ ಕಡೆ ಇವೆ. ಸಾಸಿವೆ ಯುರೋಪಿನ ಪಟ್ಟಿಲಿದೆ, ಅಮೆರಿಕದ ಪಟ್ಟಿಲಿಲ್ಲ. ಅಂದ್ರೆ ನೀವಿರೋ ದೇಶದ ಪಟ್ಟಿ ಒಂದ್ಸಲ ತೆಗ್ದು ನೋಡ್ಲೇಬೇಕು, ಎಲ್ಲಾ ಕಡೆ ಒಂದೇ ಅಂತ ಅಂದ್ಕೊಂಡು ಬರೆದ್ರೆ ಆಗಲ್ಲ.

ಮನೆ ತಿಂಡಿಲಿ ಕಷ್ಟ ಏನಂದ್ರೆ ಮಾಡಿದವ್ರಿಗೆ ಅದೆಲ್ಲ ಲೆಕ್ಕಕ್ಕೇ ಬರಲ್ಲ. ಫೋನ್ ಮಾಡಿ ಏನೇನು ಹಾಕಿದೀರ ಅಂದ್ರೆ ಹಿಟ್ಟು, ಉಪ್ಪು, ಖಾರದಪುಡಿ ಅಂತಾರೆ, ಅಷ್ಟೇ. "ಮೇಲೆ ಸ್ವಲ್ಪ ಎಳ್ಳು ಉದುರ್ಸಿದೀನಿ, ಅದೇನ್ ಮಹಾ" ಅನ್ನೋದು ಎರಡನೇ ಸಲ ಕೇಳಿದಾಗ ಹೊರಗೆ ಬರತ್ತೆ. ಕರಿದ ಎಣ್ಣೆ ಶೇಂಗಾ ಎಣ್ಣೆನಾ, ಅದೇ ಬಾಣಲೇಲಿ ಅದಕ್ಕೆ ಮುಂಚೆ ಗೋಡಂಬಿ ಕರಿದಿದ್ರಾ, ಹಿಟ್ಟು ಮಾಡ್ಸಿದ ಮಿಲ್ಲಲ್ಲಿ ಗೋಧಿನೂ ಬೀಸ್ತಾರಾ, ಇವೆಲ್ಲ ಮೂರನೇ ಸಲ ಕೇಳಿದ್ಮೇಲೆ. ಇನ್ನೊಂದು, ಅಂಗಡಿಲಿ ಸಿಗೋ ಪುಡಿ ಇಂಗಿನಲ್ಲಿ ಬಹಳಷ್ಟು ಸಲ ಗೋಧಿ ಹಿಟ್ಟು ಬೆರ್ಸಿರ್ತಾರೆ, ಹಾಗಾಗಿ ಅಕ್ಕಿದು ಕಡ್ಲೆದು ಮಾತ್ರ ಅಂತ ನೀವು ಧೈರ್ಯವಾಗಿ ಗ್ಲುಟೆನ್ (ಗೋಧಿ ತರದ ಧಾನ್ಯದಲ್ಲಿರೋ ಪ್ರೋಟೀನ್) ಇಲ್ಲ ಅಂತ ಬರೆದಿದ್ರಲ್ಲೂ ಗ್ಲುಟೆನ್ ಇರ್ಬಹುದು. ಸೀಲಿಯಾಕ್ ಅಂದ್ರೆ ಗ್ಲುಟೆನ್ ತಿಂದ್ರೆ ಕರುಳಿಗೆ ಪೆಟ್ಟಾಗೋ ಕಾಯಿಲೆ ಇರೋರಿಗೆ ಆ ಚಿಟಿಕೇನೇ ತೊಂದ್ರೆ ಕೊಡತ್ತೆ. ಅದಕ್ಕೆ "ಇದು ಇಲ್ಲ" ಅಂತ ಭರವಸೆ ಕೊಡೋ ಬದ್ಲು "ಇದಿದೆ, ಇದಿದೆ, ಮನೇಲಿ ಮಾಡಿದ್ದು, ಅದೇ ಅಡುಗೆಮನೇಲಿ ಶೇಂಗಾ, ಎಳ್ಳು, ಗೋಧಿ ಎಲ್ಲಾ ಬಳಸ್ತಾರೆ" ಅಂತ ಬರೀರಿ. ಅಲರ್ಜಿ ಇರೋರು ಅದನ್ನ ಓದಿ ತಾವೇ ತೀರ್ಮಾನ ಮಾಡ್ತಾರೆ. ಅವ್ರು ಬೇಡ ಅಂದ್ಮೇಲೆ ಒಂದೇ ಒಂದು ತಗೊಳ್ಳಿ, ಏನಾಗಲ್ಲ ಅನ್ಬೇಡಿ. ತೀವ್ರ ಅಲರ್ಜಿ ಅಂದ್ರೆ ಉಸಿರಾಟಕ್ಕೇ ತೊಂದ್ರೆಯಾಗಿ ಆಸ್ಪತ್ರೆ ಸೇರೋ ವಿಷ್ಯ.

"ವೆಜ್" ಅಂತ ಒಂದೇ ಮಾತಲ್ಲಿ ಬರೆದು ಮುಗಿಸೋ ಅಭ್ಯಾಸನೂ ಬಿಡಿ. ಆ ಪದದೊಳಗೆ ಮೊಟ್ಟೆ ಸೇರತ್ತಾ ಇಲ್ವಾ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ತರ, ವೀಗನ್ ಆದವ್ರಿಗೆ ತುಪ್ಪ, ಜೇನು ಕೂಡ ಆಗಲ್ಲ. ಮೊಟ್ಟೆ ಇಲ್ಲ, ಹಾಲು ಮತ್ತು ತುಪ್ಪ ಇದೆ, ಮಾಂಸ ಇಲ್ಲ, ಆಲ್ಕೋಹಾಲ್ ಇಲ್ಲ ಅಂತ ಬಿಡಿಬಿಡಿಯಾಗಿ ಬರೆದ್ರೆ ಯಾವ ಧರ್ಮದವ್ರು, ಯಾವ ಪಥ್ಯದವ್ರು ಬಂದ್ರೂ ಉತ್ತರ ಅಲ್ಲೇ ಇರತ್ತೆ, ಅವ್ರ ಪಥ್ಯ ಏನು ಅಂತ ನೀವೂ ಕೆದಕೋ ಹಾಗಿಲ್ಲ. ಅಂಗಡಿ ಪ್ಯಾಕೆಟ್ ತರ್ತಿದ್ರೆ ಹಿಂದ್ಗಡೆ ಓದಿ. ಜೆಲಟಿನ್ ಅಂದ್ರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯೋದು, ಸೇರ್ಪಡೆಗಳ ನಂಬರಲ್ಲಿ ಇ120 (E120) ಅಂತಿದ್ರೆ ಅದು ಕೀಟದಿಂದ ಬರೋ ಕೆಂಪು ಬಣ್ಣ, ಇ471 ಗಿಡದ ಎಣ್ಣೆದೂ ಇರ್ಬಹುದು ಪ್ರಾಣಿ ಕೊಬ್ಬಿಂದೂ ಇರ್ಬಹುದು. ಹಾಲಿನ ಸಿಹಿ ಬಗ್ಗೆ ಒಂದು ಮಾತು. ದೊಡ್ಡವ್ರಾದ್ಮೇಲೆ ಹಾಲಿನ ಸಕ್ಕರೆ ಅಂದ್ರೆ ಲ್ಯಾಕ್ಟೋಸ್ ಸರಿಯಾಗಿ ಜೀರ್ಣ ಆಗದೇ ಇರೋರು ಪ್ರಪಂಚದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಇದಾರೆ. ಎಲ್ರಿಗೂ ಹೊಟ್ಟೆ ಕೆಡತ್ತೆ ಅಂತೇನಲ್ಲ, ಆದ್ರೆ ಯಾರಾದ್ರೂ ಹಾಲಿನದ್ದು ಅಂತ ಓದಿ ಪಕ್ಕಕ್ಕೆ ಸರಿದ್ರೆ ಅದು ನಿಮ್ಮ ಸಿಹಿಗೆ ಮಾಡಿದ ಅವಮಾನ ಅಲ್ಲ.

ಖಾರದ ಪ್ರಶ್ನೆಗೆ ನನ್ನ ಉತ್ತರ ನೇರವಾಗಿ ಬೇಡ. ಕಮ್ಮಿ ಮಾಡಿಸ್ಬೇಡಿ. ಖಾರದ ಲೆಕ್ಕದಲ್ಲೇ ಉಪ್ಪು, ಹುಳಿ, ಮಸಾಲೆ ಎಲ್ಲಾ ಕೂತಿರತ್ತೆ, ಅದೊಂದನ್ನ ಇಳಿಸಿದ್ರೆ ಇತ್ಲಾಗೆ ನಿಮ್ಮ ರುಚಿನೂ ಅಲ್ಲ ಅತ್ಲಾಗೆ ಅವ್ರ ರುಚಿನೂ ಅಲ್ಲ, ಸಪ್ಪೆ ಒಂದು ವಸ್ತು ಆಗತ್ತೆ. ಅದ್ರ ಬದ್ಲು ಖಾರ ಇಲ್ಲದ ಇನ್ನೊಂದು ತಿಂಡಿ ಆರಿಸಿ ಪಕ್ಕದಲ್ಲಿಡಿ, ಖಾರದ್ದನ್ನ ಚಿಕ್ಕ ಚಿಕ್ಕ ತುಂಡು ಮಾಡಿ, ಖಾರ ಇದೆ ಅಂತ ದಪ್ಪಕ್ಕೆ ಬರೀರಿ. "ಮೀಡಿಯಂ" ಅಂತ ಬರೀಬೇಡಿ, ನಿಮ್ಮ ಮೀಡಿಯಮ್ಮಿಗೂ ಅವ್ರ ಮೀಡಿಯಮ್ಮಿಗೂ ಅಜಗಜಾಂತರ. ಖಾರ ಅನ್ನೋದು ಅಸಲಿಗೆ ರುಚಿನೇ ಅಲ್ಲ, ಮೆಣಸಿನಕಾಯಿಲಿರೋ ಕ್ಯಾಪ್ಸೈಸಿನ್ ನಮ್ಮ ನರಗಳಲ್ಲಿ ಬಿಸಿ ಮತ್ತು ಉರಿ ಗುರುತಿಸೋ ಟಿಆರ್‌ಪಿವಿ1 ಅನ್ನೋ ರಿಸೆಪ್ಟರನ್ನ ಕೆಣಕತ್ತೆ. 1997ರಲ್ಲಿ ಅದನ್ನ ಪತ್ತೆ ಹಚ್ಚಿದ ತಂಡದ ಡೇವಿಡ್ ಜೂಲಿಯಸ್ ಅವ್ರಿಗೆ 2021ರಲ್ಲಿ ನೊಬೆಲ್ ಬಂತು. ಅಭ್ಯಾಸ ಇಲ್ಲದವ್ರಿಗೆ ಅದು ನಿಜವಾಗ್ಲೂ ಬಾಯಿ ಸುಟ್ಟ ಹಾಗೇ ಆಗತ್ತೆ, ನಾಟಕ ಅಲ್ಲ. ಪಾಪ ಅವ್ರು ನೀರು ಹುಡ್ಕೊಂಡು ಓಡ್ತಾರೆ, ಕ್ಯಾಪ್ಸೈಸಿನ್ ನೀರಲ್ಲಿ ಅಷ್ಟಾಗಿ ಕರಗಲ್ಲ, ಹಾಗಾಗಿ ನೀರಿಂದ ಜಾಸ್ತಿ ಉಪಯೋಗ ಇಲ್ಲ. ಹಾಲು ಅಥ್ವಾ ಮೊಸರು ಕೊಡಿ, ಹಾಲಿನ ಪ್ರೋಟೀನ್ ಕ್ಯಾಪ್ಸೈಸಿನ್ ಹಿಡ್ಕೊಂಡು ಉರಿ ಇಳ್ಸತ್ತೆ. ಒಂದು ಪ್ಯಾಕ್ ಹಾಲು ಪ್ಯಾಂಟ್ರಿ ಫ್ರಿಜ್ಜಲ್ಲಿ ಇದೆ ಅಂತ ನೋಡ್ಕೊಂಡೇ ಖಾರದ ಡಬ್ಬಿ ತೆಗೀರಿ.

ಆಮೇಲೆ ಮೆಸೇಜ್ ಹಾಕಿ ಡಬ್ಬಿ ಇಟ್ಟು ನಿಮ್ಮ ಪಾಡಿಗೆ ನೀವು ಹೋಗ್ಬಿಟ್ರಲ್ಲ, ಅದು ಕೆಲ್ಸ ಮಾಡೋದು ಕಮ್ಮಿ. ಕೊಡೋದಕ್ಕಿಂತ ಜೊತೇಲಿ ತಿನ್ನೋದಕ್ಕೆ ತೂಕ ಜಾಸ್ತಿ. ಶಿಕಾಗೋ ವಿಶ್ವವಿದ್ಯಾಲಯದ ವೂಲಿ ಮತ್ತು ಫಿಶ್‌ಬಾಕ್ ಅನ್ನೋರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯ ಇಲ್ಲದ ಇಬ್ರಿಗೆ ಒಂದೇ ತರದ ತಿಂಡಿ ತಿನ್ನೋಕೆ ಕೊಟ್ರೆ, ಬೇರೆ ಬೇರೆ ತಿಂದವ್ರಿಗಿಂತ ಅವ್ರು ಒಬ್ರನ್ನೊಬ್ರು ಜಾಸ್ತಿ ನಂಬ್ತಾರೆ ಅಂತ ಕಂಡ್ಬಂತು. ಅದೊಂದೇ ಅಧ್ಯಯನ ಹಿಡ್ಕೊಂಡು ತಿಂಡಿ ಕೊಟ್ರೆ ಪ್ರಮೋಷನ್ ಸಿಗತ್ತೆ ಅಂತ ನಾನು ಹೇಳ್ತಿಲ್ಲ, ಆದ್ರೆ ನೀವೇ ಎದುರಿಗೆ ಕೂತು ಅದನ್ನೇ ಒಂದು ಮುರ್ಕೊಂಡು ತಿಂತಾ ಇದ್ರೆ ಎದುರಿಗಿರೋರ ಅರ್ಧ ಅನುಮಾನ ಅಲ್ಲೇ ಹೋಗತ್ತೆ, ಹೇಗೆ ತಿನ್ನೋದು ಅನ್ನೋದೂ ನೋಡಿ ಗೊತ್ತಾಗತ್ತೆ. ಮೊದ್ಲು ಇಡೀ ಆಫೀಸಿಗೆ ಹಂಚೋಕೆ ಹೋಗ್ಬೇಡಿ. ನಿಮ್ಮ ಜೊತೆ ದಿನಾ ಟೀ ಬ್ರೇಕಿಗೆ ಬರೋ ಇಬ್ರು ಮೂವರ ಮುಂದೆ ತೆಗೀರಿ, ಅವ್ರಲ್ಲಿ ಒಬ್ರಿಗೆ ಇಷ್ಟ ಆದ್ರೂ ಸಾಕು, ಮಿಕ್ಕಿದ್ದು ಅವ್ರೇ ಮಾಡ್ತಾರೆ. ಅಲ್ಲಿಯವ್ರೇ ಒಬ್ರು "ಇದನ್ನ ಟ್ರೈ ಮಾಡು" ಅಂದ್ರೆ ಬರೋ ನಂಬಿಕೆ ನಿಮ್ಮ ಹತ್ತು ಮೆಸೇಜಿಗೂ ಬರಲ್ಲ.

ತಿಂತಿರೋರ ಮುಖಾನೇ ನೋಡ್ತಾ ನಿಂತ್ಕೋಬೇಡಿ ಮಾರಾಯ್ರೆ. ಹೇಗಿದೆ, ಹೇಗಿದೆ ಅಂತ ಕೇಳಿದ್ರೆ ಚೆನ್ನಾಗಿದೆ ಅನ್ನದೆ ಅವ್ರಿಗೆ ಬೇರೆ ದಾರಿನೇ ಇರಲ್ಲ, ಅದನ್ನ ನಂಬಿ ನೀವು ಮುಂದಿನ ವಾರ ಇನ್ನೊಂದು ಡಬ್ಬಿ ತರ್ತೀರ. ಮಾತು ಬೇರೆ ಕಡೆ ತಿರುಗಿಸಿ, ಎರಡನೇದಕ್ಕೆ ಕೈ ಹಾಕಿದ್ರೆ ಇಷ್ಟ ಆಗಿದೆ ಅಂತ ಲೆಕ್ಕ. ಮೊದಲನೇ ಸಲಕ್ಕೇ ಇಷ್ಟ ಆಗ್ಬೇಕು ಅಂತಾನೂ ಇಲ್ಲ, ಪರಿಚಯ ಇಲ್ಲದ ರುಚಿ ನಾಲ್ಕಾರು ಸಲ ನಾಲಿಗೆಗೆ ತಾಗಿದ್ಮೇಲೇ ಹತ್ರ ಆಗೋದು.

ಇನ್ನು ಕೆಡೋ ವಿಷ್ಯ. ತಿಂಡಿ ಎಷ್ಟು ದಿನ ಇರತ್ತೆ ಅನ್ನೋದನ್ನ ಬಹುಮಟ್ಟಿಗೆ ತೀರ್ಮಾನ ಮಾಡೋದು ಅದ್ರಲ್ಲಿ ಸೂಕ್ಷ್ಮಜೀವಿಗಳಿಗೆ ಸಿಗೋ ಹಾಗೆ ಎಷ್ಟು ನೀರಿದೆ ಅನ್ನೋದು. ಅದನ್ನ 0ಯಿಂದ 1ರವರೆಗಿನ ಅಳತೇಲಿ ಹೇಳ್ತಾರೆ, 0.6ಕ್ಕಿಂತ ಕೆಳಗಿದ್ರೆ ಬ್ಯಾಕ್ಟೀರಿಯಾನೂ ಬೆಳೆಯಲ್ಲ, ಬೂಷ್ಟೂ ಹಿಡಿಯಲ್ಲ. ಚೆನ್ನಾಗಿ ಕರಿದು ಗರಿಗರಿಯಾಗಿರೋದು, ಒಣಗಿಸಿದ್ದು, ಗಟ್ಟಿ ಪಾಕದ್ದು ಸಾಮಾನ್ಯವಾಗಿ ಈ ಗುಂಪಿಗೆ ಸೇರತ್ತೆ. ಅವುಕ್ಕೆ ಶತ್ರು ಅಂದ್ರೆ ಗಾಳಿ, ಬೆಳಕು, ಬಿಸಿ, ಈ ಮೂರೂ ಸೇರಿ ಎಣ್ಣೆ ಹಳಸೋ ಹಾಗೆ ಮಾಡತ್ತೆ. ಡಬ್ಬಿ ತೆಗೆದ ಕೂಡ್ಲೇ ಹಳೇ ಎಣ್ಣೆ ವಾಸ್ನೆ ಅಥ್ವಾ ಪೇಂಟ್ ತರದ ಘಾಟು ಬಂದ್ರೆ ಯಾರಿಗೂ ಕೊಡ್ಬೇಡಿ, ನಮಗೆ ಅದು ಅಭ್ಯಾಸ ಆಗಿ ಗೊತ್ತಾಗ್ದೇ ಇರ್ಬಹುದು, ಮೊದಲ ಸಲ ತಿನ್ನೋರಿಗೆ ಆ ತಿಂಡಿ ಅಂದ್ರೆ ಇನ್ನು ಮುಂದೆ ಅದೇ ವಾಸ್ನೆ. ಒಂದೇ ದೊಡ್ಡ ಡಬ್ಬಿಗಿಂತ ಗಾಳಿ ಆಡದ ಹಾಗೆ ಸೀಲ್ ಮಾಡಿದ ಚಿಕ್ಕ ಚಿಕ್ಕ ಪ್ಯಾಕೆಟ್ ವಾಸಿ, ಒಂದನ್ನ ಒಡೆದ್ರೆ ಮಿಕ್ಕಿದ್ದು ಹೊಸದಾಗೇ ಇರತ್ತೆ. ಮೆತ್ತನೆ ಹಾಲಿನ ಸಿಹಿ, ಹಸಿ ಕಾಯಿ ಹಾಕಿದ್ದು, ಕ್ರೀಮ್ ಇರೋದು, ಇವುಗಳ ಕಥೆನೇ ಬೇರೆ. ಕೆಡೋ ಪದಾರ್ಥ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರ್ಬಾರ್ದು, ಸೆಖೆ 32 ಡಿಗ್ರಿ ದಾಟಿದ್ರೆ ಒಂದೇ ಗಂಟೆ ಅನ್ನೋದು ಅಮೆರಿಕದ ಆಹಾರ ಸುರಕ್ಷತೆ ಸಲಹೆ, ಬೇರೆ ಕಡೆಗೂ ಅದೇ ಪಾಲಿಸಿ. ಬೆಳಿಗ್ಗೆ ಇಟ್ಟ ಹಾಲಿನ ಸಿಹಿ ಸಂಜೆವರೆಗೂ ಪ್ಯಾಂಟ್ರಿ ಟೇಬಲ್ ಮೇಲೆ ಇರೋದು ಬೇಡ್ವೇ ಬೇಡ.

ಅಪ್ಪ ಅಮ್ಮ ತರೋದಕ್ಕೆ ಬರೋಣ. ಎಂಥದ್ದು ತರಿಸ್ಲಿ ಅಂದ್ರಿ, ಮಾಂಸ ಇರೋದನ್ನ ಮೊದ್ಲೇ ಪಟ್ಟಿಯಿಂದ ತೆಗ್ದುಬಿಡಿ, ಹೆಚ್ಚುಕಮ್ಮಿ ಎಲ್ಲಾ ಕಡೆ ಅದೇ ತೊಂದ್ರೆ. ಯುರೋಪಿಯನ್ ಯೂನಿಯನ್ನಿಗೆ ಹೊರಗಿನ ದೇಶಗಳಿಂದ ಬರೋ ಪ್ರಯಾಣಿಕರು ಮಾಂಸದ್ದು, ಹಾಲಿನದ್ದು ಸಾಮಾನ್ಯವಾಗಿ ತರೋ ಹಾಗಿಲ್ಲ, ಮಾಂಸ ಇಲ್ಲದ ಬಿಸ್ಕತ್ತು, ಕೇಕು, ಚಾಕಲೇಟು, ಮಿಠಾಯಿ ತರದ್ದಕ್ಕೆ ವಿನಾಯ್ತಿ ಇದೆ. ಆದ್ರೂ ಪೂರ್ತಿ ಹಾಲಿಂದಲೇ ಮಾಡಿದ ಸಿಹಿನ ಆಫೀಸರ್ ಯಾವ ಕಡೆ ಸೇರಿಸ್ತಾರೆ ಅನ್ನೋ ಜೂಜಾಟ ಯಾಕೆ, ಬಿಟ್ಬಿಡಿ ಅಂತ ನಾನಂತೀನಿ. ಯುರೋಪಿಯನ್ ಯೂನಿಯನ್ನಿಗೇ ತರೋ ಹಣ್ಣಲ್ಲಿ ಅನಾನಸು, ತೆಂಗಿನಕಾಯಿ, ಬಾಳೆ, ಖರ್ಜೂರ, ಡ್ಯೂರಿಯನ್ ಇವನ್ನ ಬಿಟ್ರೆ ಮಿಕ್ಕಿದ್ದಕ್ಕೆಲ್ಲ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳ್ತಾರೆ. ಜಪಾನಿಗೆ ಮಾಂಸದ ತಿಂಡಿ, ಸಾಸೇಜು, ಒಣಮಾಂಸ ಹೊರಟ ದೇಶದ ಸರ್ಕಾರಿ ತಪಾಸಣೆ ಪತ್ರ ಇಲ್ದೆ ಒಳಗೆ ಹೋಗಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅಂತೂ ಅತೀ ಕಟ್ಟುನಿಟ್ಟು, ಬ್ಯಾಗಲ್ಲಿರೋ ತಿನ್ನೋ ಪದಾರ್ಥ ಪ್ರತಿಯೊಂದನ್ನೂ ಡಿಕ್ಲೇರ್ ಮಾಡ್ಬೇಕು, ಅಂದ್ರೆ ಇದೆ ಅಂತ ಮೊದ್ಲೇ ಹೇಳ್ಬೇಕು, ನ್ಯೂಜಿಲೆಂಡಲ್ಲಿ ಹೇಳ್ದೆ ಸಿಕ್ಕಿಬಿದ್ರೆ ಅಲ್ಲೇ 400 ಡಾಲರ್ ದಂಡ, ಅವ್ರ ಡಾಲರ್. ಅಮೆರಿಕದಲ್ಲಿ ಆಹಾರ ಡಿಕ್ಲೇರ್ ಮಾಡ್ದಿದ್ರೆ ದಂಡ 10,000 ಡಾಲರ್‌ವರೆಗೂ ಹೋಗ್ಬಹುದು ಅಂತ ಅಲ್ಲಿಯ ಕಸ್ಟಮ್ಸ್‌ನವ್ರೇ ಹೇಳ್ತಾರೆ. ಇಲ್ಲಿ ಜನಕ್ಕೆ ಅರ್ಥ ಆಗದೇ ಇರೋ ವಿಷ್ಯ ಏನಂದ್ರೆ ದಂಡ ಬೀಳೋದು ತಂದಿದ್ದಕ್ಕಿಂತ ಹೇಳ್ದೇ ಇದ್ದಿದ್ದಕ್ಕೆ. ಇದೆ ಅಂತ ಹೇಳಿ ತೋರ್ಸಿದ್ರೆ ಹೆಚ್ಚಂದ್ರೆ ತೆಗ್ದು ಬಿಸಾಕ್ತಾರೆ, ಇಲ್ಲಾ ತಗೊಂಡು ಹೋಗಿ ಅಂತಾರೆ. ಫಾರಂ ತುಂಬೋವಾಗ ವಯಸ್ಸಾದವ್ರು ಹೆದರ್ಕೊಂಡು "ಇಲ್ಲ" ಅಂತ ಟಿಕ್ ಮಾಡಿಬಿಡ್ತಾರೆ, ಅದೇ ಎಡವಟ್ಟು. ಹೊರಡೋ ಮುಂಚೆ ಫೋನಲ್ಲಿ ಹೇಳಿ, ಆಹಾರ ಇದ್ಯಾ ಅಂತ ಕೇಳಿದ್ರೆ ಹೌದು ಅಂತಾನೇ ಹಾಕಿ ಅಂತ. ಒಂದು ಹಾಳೇಲಿ ಇಂಗ್ಲಿಷಲ್ಲಿ ತಿಂಡಿ ಹೆಸ್ರು, ಏನೇನಿದೆ, ಎಷ್ಟು ಕೆಜಿ ಅಂತ ಬರೆದು ಅವ್ರ ಪಾಸ್‌ಪೋರ್ಟ್ ಜೊತೆ ಇಟ್ಟಿರಿ, ಆಫೀಸರ್ ಭಾಷೆ ಅರ್ಥ ಆಗ್ದಿದ್ರೂ ಹಾಳೆ ತೋರ್ಸಿದ್ರೆ ಸಾಕು. ಚಟ್ನಿ, ಉಪ್ಪಿನಕಾಯಿ, ಪಾಕದ ತರ ಇರೋದನ್ನೆಲ್ಲ ಚೆಕ್-ಇನ್ ಬ್ಯಾಗಿಗೆ ಹಾಕ್ಲಿ, ಎಷ್ಟೋ ಏರ್‌ಪೋರ್ಟಲ್ಲಿ ಹ್ಯಾಂಡ್ ಬ್ಯಾಗಿನ 100 ಮಿಲಿ ನಿಯಮ ಇವಕ್ಕೂ ಅನ್ವಯ ಆಗತ್ತೆ. ನಿಯಮಗಳು ಬದಲಾಗ್ತಾನೇ ಇರ್ತವೆ, ರೋಗ ಹಬ್ಬಿದಾಗ ರಾತ್ರೋರಾತ್ರಿ ಬಿಗಿ ಮಾಡ್ತಾರೆ, ಹಾಗಾಗಿ ಟಿಕೆಟ್ ಆದ್ಮೇಲೆ ಆ ದೇಶದ ಕಸ್ಟಮ್ಸ್ ಪುಟ ನೀವೇ ಒಂದ್ಸಲ ಓದಿ.

ಅಂಗಡಿ ಪ್ಯಾಕೆಟ್ಟಾ ಮನೇದಾ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಆಫೀಸಿಗೆ ಲೇಬಲ್ ಇರೋ ಪ್ಯಾಕೆಟ್ ತರಿಸಿ, ಮನೇದನ್ನ ಹತ್ರದವ್ರಿಗೆ ಇಡಿ. ರುಚಿಲಿ ಮನೇದೇ ಮೇಲು, ಅದ್ರಲ್ಲಿ ವಾದ ಇಲ್ಲ. ಆದ್ರೆ ಪರಿಚಯ ಕಮ್ಮಿ ಇರೋರಿಗೆ ಓದೋಕೆ ಒಂದು ಲೇಬಲ್ ಇದ್ರೆ ಧೈರ್ಯ, ಏರ್‌ಪೋರ್ಟಲ್ಲಿ ತೋರ್ಸೋದೂ ಸುಲಭ, ಕೆಲವು ಆಫೀಸುಗಳಲ್ಲಂತೂ ಮನೇಲಿ ಮಾಡಿದ್ದನ್ನ ಹಂಚೋ ಹಾಗೇ ಇಲ್ಲ ಅಂತ ರೂಲ್ಸ್ ಇರತ್ತೆ, ಎಚ್‌ಆರ್ ಹತ್ರ ಒಂದು ಮಾತು ಕೇಳ್ಕೊಳ್ಳಿ.

ಪಕ್ಕದ ಮನೆಗೆ ಅಂದ್ರೆ ಮನೇದೇ ಕೊಡಿ. ಬಾಗಿಲು ಬಡಿದು ದೊಡ್ಡ ಸ್ಟೀಲ್ ಡಬ್ಬಿ ಕೈಗೆ ಕೊಟ್ರೆ ಅವ್ರಿಗೆ ಎರಡು ಚಿಂತೆ, ಇಷ್ಟೊಂದು ಏನ್ ಮಾಡೋದು, ಡಬ್ಬಿ ಖಾಲಿ ವಾಪಸ್ ಕೊಡೋದು ಹೇಗೆ ಅಂತ. ಒಂದು ಮುಷ್ಟಿಯಷ್ಟು, ವಾಪಸ್ ಕೊಡ್ಬೇಕಾಗಿಲ್ಲದ ಕವರಲ್ಲಿ, ಚೀಟಿ ಅಂಟ್ಸಿ ಕೊಡಿ. ಚಿಕ್ಕ ಮಕ್ಕಳಿದ್ರೆ ಮಗು ಕೈಗೆ ನೇರವಾಗಿ ಕೊಡ್ಲೇಬೇಡಿ, ಎಷ್ಟೇ ಮುದ್ದು ಬಂದ್ರೂ. ಐದು ವರ್ಷದೊಳಗಿನವ್ರಿಗೆ ಇಡೀ ಬೀಜಗಳು ಗಂಟಲಿಗೆ ಸಿಕ್ಕೊಳ್ಳತ್ತೆ ಅಂತ ಬ್ರಿಟನ್ನಿನ ಆರೋಗ್ಯ ಸೇವೆ ಎಚ್ಚರಿಕೆ ಕೊಡತ್ತೆ, ಒಂದು ವರ್ಷದೊಳಗಿನ ಕೂಸಿಗೆ ಜೇನು ಇರೋದು ಏನೂ ಕೊಡ್ಬಾರ್ದು, ಬಾಟ್ಯುಲಿಸಂ ಅನ್ನೋ ಗಂಭೀರ ಕಾಯಿಲೆ ಅಪಾಯ ಇದೆ. ಆ ಮಗುವಿನ ಅಪ್ಪ ಅಮ್ಮನ ಕೈಗೆ ಕೊಟ್ಟು, ಏನೇನಿದೆ ಅಂತ ಹೇಳಿ ಬನ್ನಿ. ಅವ್ರೂ ವಾಪಸ್ ಏನಾದ್ರೂ ತಂದ್ಕೊಟ್ರೆ ನೀವೂ ಇದ್ರಲ್ಲೇನಿದೆ ಅಂತ ಆರಾಮಾಗಿ ಕೇಳಿ, ನೀವು ಚೀಟಿ ಅಂಟ್ಸಿ ಕೊಟ್ಟಿದ್ರಿಂದ ಆ ಪ್ರಶ್ನೆಗೆ ಅವ್ರು ಬೇಜಾರು ಮಾಡ್ಕೊಳ್ಳಲ್ಲ.

ಎಷ್ಟು ತರಿಸ್ಬೇಕು ಅಂತಾನೂ ಹೇಳ್ಬಿಡ್ತೀನಿ, ಅಮ್ಮಂದಿರ ಲೆಕ್ಕ ಯಾವಾಗ್ಲೂ ನಾಲ್ಕು ಪಟ್ಟು ಇರತ್ತೆ. ಹಂಚೋಕೆ ಅಂತ ಒಂದು ಖಾರದ್ದು, ಒಂದು ಸಿಹಿದು, ಎರಡೂ ಒಣಗಿರೋದು, ತಲಾ ಅರ್ಧ ಕೆಜಿ ಸಾಕು, ಅದನ್ನೇ ನಾಲ್ಕೈದು ಪ್ಯಾಕೆಟ್ ಮಾಡಿಸಿ. ಖಾಲಿಯಾಗಿ ಇನ್ನೂ ಇದ್ಯಾ ಅಂತ ಯಾರಾದ್ರೂ ಕೇಳಿದ್ರೆ ಮುಂದಿನ ಸಲಕ್ಕೆ ಅದನ್ನೇ ಜಾಸ್ತಿ ತರಿಸಿ, ಇನ್ನೊಂದು ತರದ್ದನ್ನ ಹುಡ್ಕೋಕೆ ಹೋಗ್ಬೇಡಿ.